ಗೋಡೆಯೂ ಚಿತ್ರವೂ: ಚೋಳಮಂಡಲದಲ್ಲಿ ಒಂದು ವಿಚಾರ

ಕಲಾವಿಮರ್ಶೆಯಲ್ಲಿ ‘ಅಲಂಕಾರಿಕ’ ಎಂಬ ಮಾತು ಬಹುಕಾಲದಿಂದ ನಿಂದೆಯಾಗಿಯೇ ಬಳಕೆಯಲ್ಲಿದೆ. ಗೋಡೆಗೆ ಒಪ್ಪುವ ಚಿತ್ರ ಒಂದು ಬಗೆ, ನೋಡುವವರನ್ನು ತಡೆದು ನಿಲ್ಲಿಸುವ ಚಿತ್ರ ಇನ್ನೊಂದು ಬಗೆ ಎಂದು ವಿಂಗಡಿಸಿ, ಮೊದಲನೆಯದನ್ನು ಕರಕುಶಲದ ಲೆಕ್ಕಕ್ಕೆ ಸೇರಿಸುವುದು ರೂಢಿ. ಈ ವಿಂಗಡಣೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸಲು ಚೆನ್ನೈಯ ದಕ್ಷಿಣಕ್ಕೆ, ಇಂಜಂಬಾಕ್ಕಂ ಕಡಲ ದಂಡೆಯಲ್ಲಿರುವ ಚೋಳಮಂಡಲ ಕಲಾವಿದರ ಗ್ರಾಮ ತಕ್ಕ ಸ್ಥಳ.

ಮದರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ 1966ರಲ್ಲಿ ಈ ಗ್ರಾಮ ಹುಟ್ಟಿತು. ಚಿತ್ರವನ್ನಷ್ಟೇ ನೆಚ್ಚಿ ಬದುಕುವುದು ಅಂದು ಕಷ್ಟವಾಗಿತ್ತು. ಆದ್ದರಿಂದ ಕಲಾವಿದರು ಬಾಟಿಕ್ ಮೊದಲಾದ ಕರಕುಶಲ ವಸ್ತುಗಳನ್ನು ಮಾಡಿ ಮಾರಿ, ಬಂದ ಹಣದಿಂದ ನೆಲ ಕೊಂಡರು. ಅಂದರೆ, ಯಾರದೋ ಮನೆಯನ್ನು ಸಿಂಗರಿಸಿದ ವಸ್ತುಗಳೇ ಚಿತ್ರಕಾರನಿಗೆ ತನ್ನಿಚ್ಛೆಯಂತೆ ಚಿತ್ರಿಸುವ ಸ್ವಾತಂತ್ರ್ಯವನ್ನು ಗಳಿಸಿಕೊಟ್ಟವು. ಕರಕುಶಲವನ್ನು ಕಲೆಯ ಬಡನೆಂಟನಂತೆ ಕಾಣುವವರು ಈ ಋಣವನ್ನು ಮರೆಯುತ್ತಾರೆ.

ಅಲ್ಲಿನ ಹಿರಿಯ ಚಿತ್ರಕಾರರೊಬ್ಬರ ಚಿತ್ರಶಾಲೆಗೆ ಒಳಾಂಗಣ ವಿನ್ಯಾಸಕಿಯೊಬ್ಬರೊಡನೆ ಹೋಗಿದ್ದೆ. ಅವರ ಕೈಯಲ್ಲಿ ಅಳತೆಯ ಟೇಪು, ಬಣ್ಣದ ಮಾದರಿಗಳ ಪುಸ್ತಕ. “ಇದನ್ನೇ ಸ್ವಲ್ಪ ತಿಳಿಬಣ್ಣದಲ್ಲಿ ಮಾಡಿಕೊಡುವಿರಾ, ಸರ್?” ಎಂದು ಅವರು ಕೇಳಿದರು. “ಆ ಗೋಡೆಗೆ ಬೆಳಕು ಯಾವ ಕಡೆಯಿಂದ ಬೀಳುತ್ತದಮ್ಮ?” ಎಂದು ಚಿತ್ರಕಾರರು ಮರುಪ್ರಶ್ನೆ ಹಾಕಿದರು. ಕಿಟಕಿಯ ದಿಕ್ಕು, ಸಂಜೆಯ ದೀಪ, ಮನೆಯವರು ಕೂರುವ ಜಾಗ ಎಲ್ಲವನ್ನೂ ಆಕೆ ವಿವರಿಸಿದರು. ಬಳಿಕ ಅದೇ ಚಿತ್ರವನ್ನು ಕಿಟಕಿಯ ಬಳಿಗೆ ಸರಿಸಿ ನೋಡಿದಾಗ, ಕಪ್ಪೆಂದು ತೋರಿದ್ದ ಭಾಗದಲ್ಲಿ ನೀಲಿಯ ಪದರಗಳು ಬಿಚ್ಚಿಕೊಂಡವು. ಬಣ್ಣ ಬದಲಿಸುವ ಮಾತು ಅಲ್ಲಿಗೇ ನಿಂತಿತು.

ವಿನ್ಯಾಸಕಿಯ ಮೊದಲ ಬೇಡಿಕೆ ಒಪ್ಪತಕ್ಕದ್ದಲ್ಲ. ಪರದೆಯ ಬಣ್ಣಕ್ಕೆ ತಕ್ಕಂತೆ ಬದಲಾಗುವ ಚಿತ್ರ ಪರದೆಯೊಡನೆಯೇ ಹಳತಾಗುತ್ತದೆ. ಆದರೆ ಆಕೆಯ ಎರಡನೆಯ ನಡೆಯಲ್ಲಿ ವಿಮರ್ಶಕರಿಗೆ ಪಾಠವಿದೆ. ಚಿತ್ರವು ವರ್ಷಗಟ್ಟಲೆ ಬೆಳಕಿನೊಡನೆ, ಜನರೊಡನೆ ಬಾಳುವ ವಸ್ತು ಎಂಬುದನ್ನು ಆಕೆ ಬಲ್ಲರು. ಪ್ರದರ್ಶನಾಲಯದ ಬಿಳಿಗೋಡೆಯೂ ಒಂದು ಒಳಾಂಗಣವೇ ಎಂಬುದನ್ನು ನಾವು ಮರೆಯುತ್ತೇವೆ.

ಕನ್ನಡದ ಓದುಗರಿಗೆ ಈ ಪ್ರಶ್ನೆ ಹೊರಗಿನದಲ್ಲ. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಈ ಗ್ರಾಮದ ಸ್ಥಾಪಕ ಸದಸ್ಯರಲ್ಲೊಬ್ಬರು. 1970ರ ‘ಸಂಸ್ಕಾರ’ ಚಲನಚಿತ್ರದ ಕಲಾ ನಿರ್ದೇಶಕರೂ ಹೌದು. ಚಲನಚಿತ್ರದ ಕಲಾ ನಿರ್ದೇಶನವೆಂದರೆ ವಾಸಸ್ಥಳವನ್ನು ಅರ್ಥಕ್ಕಾಗಿ ಸಜ್ಜುಗೊಳಿಸುವ ಕೆಲಸವಷ್ಟೆ. ತೈಲವರ್ಣ, ತಾಮ್ರದ ಉಬ್ಬುಚಿತ್ರ, ರೇಷ್ಮೆಯ ನೇಯ್ಗೆ ಎಂದು ಮಾಧ್ಯಮದಿಂದ ಮಾಧ್ಯಮಕ್ಕೆ ನಡೆದ ಅವರು ಅಲಂಕಾರಕ್ಕೆ ಅಂಜಲಿಲ್ಲ. ಅವರ ‘ವೃಕ್ಷ’ದ ಕೊಂಬೆಗಳಲ್ಲಿ ಅಲಂಕಾರವೇ ರಚನೆ, ಅದನ್ನು ಕಳಚಿದರೆ ಉಳಿಯುವುದು ಬರಿಯ ಕಾಂಡ.

ಗಡಿನಾಡಿನ ನಮ್ಮ ಶಾಲೆ, ಗ್ರಂಥಾಲಯ, ಸಭಾಭವನಗಳ ಗೋಡೆಗಳಿಗೆ ಚಿತ್ರ ಬೇಕೆನಿಸಿದಾಗ ಈ ವಿವೇಕ ನೆರವಾಗಬೇಕು. ಗೋಡೆಯ ಅಳತೆ ಕೊಟ್ಟು ಲಾಂಛನಗಳನ್ನು ಬರೆಯಿಸುವುದು ಸುಲಭ. ಅಲ್ಲಿ ಯಾವ ಬೆಳಕು ಬೀಳುತ್ತದೆ, ಯಾರು ಕೂರುತ್ತಾರೆ, ದಿನವೂ ನೋಡಿದರೂ ಮುಗಿಯದಂಥದ್ದು ಯಾವುದು ಎಂದು ಮೊದಲು ಕಲಾವಿದರೊಡನೆ ಕುಳಿತು ಮಾತಾಡುವುದು ಕಷ್ಟ. ಆ ಕಷ್ಟವನ್ನು ತಪ್ಪಿಸಿಕೊಂಡ ಗೋಡೆಯಲ್ಲಿ ಚಿತ್ರವಿದ್ದೂ ಗೋಡೆ ಬರಿದೇ.