ಚಳಿಯ ಅಂಕಿ ಬಿಡಿ, ಮೋಡ ನೋಡಿ

ಮಾರ್ಗಶಿರ ಕಾಲಿಟ್ಟಿತೆಂದರೆ ನಮ್ಮ ಕಡೆ ಬೆಟ್ಟ ಹತ್ತುವವರಿಗೆ ಸುಗ್ಗಿ. ಏಪ್ರಿಲ್‌ನಲ್ಲಿ ಕಾದ ಹಂಚಿನಂತಾಗುವ ಕೊಪ್ಪಳ ಕೋಟೆ, ಆನೆಗುಂದಿ, ಹಿರೇಬೆಣಕಲ್‌ನ ಬಂಡೆಗಳ ಮೇಲೆ ಈಗ ಅಂಗೈ ಊರಿದರೆ ಹಿತವೆನಿಸುತ್ತದೆ. ಹೊರಡುವ ಮುನ್ನ ಎಲ್ಲರೂ ಮೊಬೈಲ್‌ನಲ್ಲಿ ಕನಿಷ್ಠ ಉಷ್ಣಾಂಶ ನೋಡುತ್ತಾರೆ. 18 ಎಂದಿದ್ದರೆ ಮುಖ ಬಾಡುತ್ತದೆ, 13 ಎಂದಿದ್ದರೆ ಸ್ವೆಟರ್ ಹೊರಬರುತ್ತದೆ. ನನ್ನ ಕೇಳಿದರೆ ಆ ಅಂಕಿ ಕೊನೆಗೆ ನೋಡುವಂಥದ್ದು. ಮೊದಲು ನೋಡಬೇಕಾದದ್ದು ಮೋಡ.

ಮಲೆನಾಡಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಾಮಾನ್ಯವಾಗಿ ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಂಪಾಗುತ್ತದೆ. ನಮ್ಮ ಗುಡ್ಡಗಳು ಸುತ್ತಲಿನ ಬಯಲಿಗಿಂತ ನೂರಿನ್ನೂರು ಮೀಟರ್ ಎತ್ತರ, ಅಷ್ಟೇ. ಆ ಲೆಕ್ಕಕ್ಕೆ ಒಂದು ಡಿಗ್ರಿ ಇಳಿದರೆ ಹೆಚ್ಚು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಂತೂ ಎಲ್ಲ ತಿರುವುಮುರುವು. ನೆಲ ಬೇಗ ಆರುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಇಳಿಜಾರು ಹಿಡಿದು ತಗ್ಗಿಗೆ ಬಂದು ನಿಲ್ಲುತ್ತದೆ. ಅಂಥ ನಸುಕಿನಲ್ಲಿ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ನೋಡಿ. ಬುಡದಲ್ಲಿ ಹಲ್ಲು ಕಟಕಟ ಎಂದರೂ ಅರ್ಧ ದಾರಿಯಲ್ಲೇ ಶಾಲು ಹೆಗಲಿಗೆ ಬರುತ್ತದೆ. ಅದಕ್ಕೆ ಹತ್ತಿದ ದಣಿವೊಂದೇ ಕಾರಣವಲ್ಲ, ಮೇಲಿನ ಗಾಳಿಯೇ ಬೆಚ್ಚಗಿರುತ್ತದೆ. ಕೆಳಗೆ ತುಂಗಭದ್ರೆಯ ದಂಡೆ, ಗಂಗಾವತಿಯ ಭತ್ತದ ಗದ್ದೆಗಳೆಲ್ಲ ಮಂಜಿನೊಳಗೆ ಮುಳುಗಿರುತ್ತವೆ.

ಮೋಡ ಬಂದರೆ ಈ ಆಟ ಕೆಡುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ತಮಿಳುನಾಡು, ಆಂಧ್ರದ ಕರಾವಳಿಯತ್ತ ಸರಿದರೆ ಅದರ ಮೋಡ ಇಲ್ಲಿಯತನಕ ಚಾಚುತ್ತದೆ. ಆಗ ರಾತ್ರಿ ಬೆಚ್ಚಗಿರುತ್ತದೆ, ಒಮ್ಮೊಮ್ಮೆ ಜಿಟಿಜಿಟಿ ಮಳೆಯೂ ಹಿಡಿಯುತ್ತದೆ. ಚಳಿಯಿಲ್ಲ ಎಂದು ಹಿಗ್ಗಿ ಹೊರಟವರಿಗೆ ಹಿರೇಬೆಣಕಲ್ ಹಾದಿಯಲ್ಲಿ ಕಷ್ಟ ಕಾದಿರುತ್ತದೆ. ನೀರು ಕುಡಿದ ಕಲ್ಲುಹೂವಿನ ಮೇಲೆ ಎಂಥ ಬೂಟೂ ನಿಲ್ಲುವುದಿಲ್ಲ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದ ಆ ಶಿಲಾಸಮಾಧಿಗಳನ್ನು ಕಾಣಲು ಬರಿಬಂಡೆ ದಾಟಿಯೇ ಹೋಗಬೇಕು. ಇಬ್ಬನಿಯ ಕಥೆ ಬೇರೆ. ಅದು ಬೀಳುವುದೇ ಶುಭ್ರ ರಾತ್ರಿಯಲ್ಲಿ, ಬಿಸಿಲೇರಿದಂತೆ ಆರಿಹೋಗುತ್ತದೆ. ಬಂಡೆಯ ನೆರಳಿನ ಮಗ್ಗುಲು ಮಾತ್ರ ತಡವಾಗಿ ಒಣಗುತ್ತದೆ. ಅಲ್ಲಿ ಕಾಲಿಡುವ ಮುನ್ನ ಕೈಯಿಂದ ಸವರಿ ನೋಡಬೇಕು.

ಯಲಬುರ್ಗಾ, ಕುಷ್ಟಗಿಯ ಎರೆಹೊಲದವರಿಗೆ ಈ ಪಾಠ ಹೇಳಿಕೊಡಬೇಕಿಲ್ಲ. ಬಿಳಿಜೋಳಕ್ಕೆ ಥಂಡಿ, ಇಬ್ಬನಿ ಬೇಕು. ಮೋಡ ಮುಚ್ಚಿಕೊಂಡೇ ಇದ್ದರೆ ಕಡಲೆಗೆ ಕೀಡೆಯ ಚಿಂತೆ. ‘ಮೋಡ ಆಗ್ಯಾವ್ರೀ, ಥಂಡಿ ಬೀಳೂದಿಲ್ಲ’ ಎಂದು ಅವರು ಸಂಜೆಯೇ ಹೇಳಿಬಿಡುತ್ತಾರೆ. ಕುಕನೂರು ಕಡೆಯ ಗಾಳಿಯಂತ್ರಗಳೂ ಸುಳಿವು ಕೊಡುತ್ತವೆ. ಅವು ಗಾಳಿ ಬರುವ ದಿಕ್ಕಿಗೆ ತಾವೇ ಮುಖ ತಿರುಗಿಸಿಕೊಳ್ಳುತ್ತವೆ. ಮುಂಗಾರಿನಲ್ಲಿ ಪಡುವಣಕ್ಕೆ ನಿಂತವು ಈಗ ಮೂಡಣಕ್ಕೆ ನಿಂತಿರುತ್ತವೆ. ರೆಕ್ಕೆ ಮೂಡಣಕ್ಕಿದ್ದು ಆಕಾಶ ತಿಳಿಯಾಗಿದ್ದರೆ ಒಣಗಾಳಿ. ಅದೇ ದಿಕ್ಕಿನಿಂದ ಮೊದಲು ಎಳೆಎಳೆಯಾಗಿ, ಆಮೇಲೆ ಹಾಳೆ ಹಾಸಿದ ಹಾಗೆ ಮೋಡ ಬಂದರೆ ಕೊಲ್ಲಿಯ ಸುದ್ದಿ ನೋಡಬೇಕು.

ಮುನ್ಸೂಚನೆ ಓದುವಾಗಲೂ ಜಾಣ್ಮೆ ಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ನಾವು ‘ಉತ್ತರ ಒಳನಾಡು’, ಅಂದರೆ ಬೀದರ್‌ನಿಂದ ಹಾವೇರಿವರೆಗಿನ ಸೀಮೆಯ ಪಾಲುದಾರರು. ‘ಒಂದೆರಡು ಕಡೆ ಮಳೆ’ ಎಂದರೆ ಕಾಲುಭಾಗಕ್ಕಿಂತ ಹೆಚ್ಚು ಮಾಪನ ಕೇಂದ್ರಗಳಲ್ಲಿ ಮಳೆಯ ನಿರೀಕ್ಷೆಯಿಲ್ಲ ಎಂದರ್ಥ. ಅದಕ್ಕೆ ಹೆದರಿ ಪ್ರವಾಸ ಕೈಬಿಡಬೇಕಿಲ್ಲ, ‘ಹಲವೆಡೆ’ ಎಂದಿದ್ದರೆ ಯೋಚಿಸಿ. ಹಿಂದಿನ ದಿನ ನಿಜಕ್ಕೂ ಎಲ್ಲಿ ಮಳೆ ಬಿತ್ತು ಎಂಬುದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ, ಅದರ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ. ಗುಡುಗಿನ ಮಾತಿದ್ದರೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ತೆರೆಯಿರಿ, ಸುತ್ತಮುತ್ತಲಿನ ಸಿಡಿಲನ್ನು ಅದು ತೋರಿಸುತ್ತದೆ. ಬೋಳು ಬಂಡೆಯ ನೆತ್ತಿಯಲ್ಲಿ ಗುಡುಗು ಕೇಳಿದ ಮೇಲೆ ಮಾತ್ರ ಯಾವ ಆ್ಯಪೂ ಬೇಡ, ಇಳಿಯುವುದೊಂದೇ ಕೆಲಸ.

ಡಿಸೆಂಬರ್ ಮೊದಲ ವಾರ ಇಲ್ಲಿ ಹೊತ್ತು ಹುಟ್ಟುವುದು 6.35ರ ಸುಮಾರಿಗೆ, ಮುಳುಗುವುದು 5.50ಕ್ಕೆ. ಆಕಾಶ ಶುಭ್ರವಾಗಿದ್ದರೆ ಹಿರೇಬೆಣಕಲ್‌ಗೆ ಹೋಗಿ. ಇಬ್ಬನಿ ಆರಿದ ಮೇಲೆ ಹತ್ತಿ, ನಾಲ್ಕಕ್ಕೆ ಇಳಿಯಲು ಶುರುಮಾಡಿ. ಅಂಜನಾದ್ರಿಗಾದರೆ ನಸುಕೇ ಚಂದ, ಆದರೆ ಹನುಮಮಾಲೆ ವಿಸರ್ಜನೆಯ ದಿನ ಮೆಟ್ಟಿಲು ಭಕ್ತರಿಗಿರಲಿ. ಮೋಡ ಕವಿದಿದ್ದರೆ ಬಂಡೆಯ ಹಟ ಬಿಟ್ಟು ಇಟಗಿಗೆ ಹೋಗಿ, 1112ರ ಮಹಾದೇವ ದೇವಾಲಯ ನೋಡಿ ಬನ್ನಿ. ಬೆಟ್ಟ ಮುಂದಿನ ವಾರಕ್ಕೂ ಇರುತ್ತದೆ.