ಹಿಮಕರಡಿಯ ಬೇಟೆ: ನಾಯಕನಾರು?

ಉತ್ತರಧ್ರುವಪ್ರದೇಶದ ಬೇಟೆಯ ಕಥನಗಳಲ್ಲಿ ವೀರರಸವು ಬಹುಮಟ್ಟಿಗೆ ಬಂದೂಕು ಹಿಡಿದ ಅತಿಥಿಗೇ ಮೀಸಲಾಗಿರುವುದು. ಕೆನಡದ ನುನಾವುಟ್ ಪ್ರಾಂತದಲ್ಲಿಯಾದರೋ, ಹಣ ತೆತ್ತು ಹಿಮಕರಡಿಯನ್ನರಸಿ ಬಂದ ಪರದೇಶೀಯನು ಇನ್ಯುಯಿಟ್ ಮಾರ್ಗದರ್ಶಿಯೊಡನೆಯೇ ಹೋಗತಕ್ಕದ್ದು. ಅವನ ಅನುಮತಿಯೂ ಆ ಊರಿಗೆ ಗೊತ್ತುಪಡಿಸಿದ ಕರಡಿಗಳ ಲೆಕ್ಕದೊಳಗಿನದೇ. ನಾಯಿಬಂಡಿಯನ್ನು ನಡೆಸುವವನು, ಗಾಳಿಯನ್ನೂ ಮಂಜುಗಡ್ಡೆಯ ಬಿರುಕನ್ನೂ ಬಲ್ಲವನು ಮಾರ್ಗದರ್ಶಿ. ಗುಂಡು ಹಾರಿಸುವವನು ಮಾತ್ರ ಅತಿಥಿ. ಚರ್ಮವು ಅತಿಥಿಗೆ, ಮಾಂಸವು ಊರಿಗೆ. 2008ರಲ್ಲಿ ಅಮೆರಿಕವು ಹಿಮಕರಡಿಯನ್ನು ಅಳಿವಿನ ಭಯವುಳ್ಳ ಪ್ರಾಣಿಗಳ ಪಟ್ಟಿಗೆ ಸೇರಿಸಿ, ಬೇಟೆಯ ಚರ್ಮಗಳ ಆಮದನ್ನು ನಿಲ್ಲಿಸಲು, ಆ ದೇಶದ ಅತಿಥಿಗಳು ವಿರಳರಾದರು. ಮಾರ್ಗದರ್ಶಿಯ ಮನೆಯ ಸಂಪಾದನೆ ಕುಂದಿತು. ಗುಂಡಿನ ಸದ್ದಿನೊಡನೆ ಮುಗಿಯುವ ಕಥನವು ಇದಾವುದನ್ನೂ ಹೇಳದು. ಕ್ಷೇಮೇಂದ್ರನ ಔಚಿತ್ಯವಿಚಾರದ ಒರೆಗಲ್ಲಿಗೆ ಉಜ್ಜಿದರೆ ಈ ಚಿನ್ನದಲ್ಲಿ ಬೆರಕೆ ಕಾಣುವುದು. ದಾರಿ ತೋರಿದವನ ಹೆಸರನ್ನೇ ಮರೆತ ಕಥೆಯಲ್ಲಿ ವೀರವು ರಸಾಭಾಸವಾಗದಿರುವುದೆಂತು?