ಚಿಟಿಕೆ ಮದ್ದಿನ ಲೆಕ್ಕ

ಕೊಗನೊಳ್ಳಿ ಟೋಲ್ ನಾಕಾ ದಾಟಿ ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರದ ಕಾಗಲ್. ಇಂಥ ಗಡಿಯೂರಿನ ಔಷಧಿ ಅಂಗಡಿಯಲ್ಲಿ ವೈದ್ಯರ ಚೀಟಿ ಓದಿ, ಕನ್ನಡದಲ್ಲೂ ಮರಾಠಿಯಲ್ಲೂ "ಊಟ ಆದ ಮ್ಯಾಲೆ ತಗೋರಿ" ಎಂದು ತಿಳಿಸಿಹೇಳುವವರ ಮೇಲೆ ನನಗೆ ಬಹಳ ಗೌರವ. ಆ ಮಾತಿನ ಹಿಂದೆ ಡಿ.ಫಾರ್ಮಾದ ಎರಡು ವರ್ಷಗಳ ಓದಿದೆ, 500 ಗಂಟೆಗಳ ತರಬೇತಿಯಿದೆ.

ನಾನು ಬೆರಗಾಗುವುದು ಪುಡಿ ಬೆರೆಸುವ ಪಾಠಕ್ಕೆ. ತೀಕ್ಷ್ಣವಾದ ಮದ್ದು ಚಿಟಿಕೆಯಷ್ಟು. ಅದು ಸೇರಬೇಕಾದ ಲ್ಯಾಕ್ಟೋಸ್ ಎಂಬ ಪುಡಿ ಹಲವು ಪಟ್ಟು. ಒಮ್ಮೆಲೇ ಸುರಿದು ಕಲಸಿದರೆ ಒಂದು ಪೊಟ್ಟಣದಲ್ಲಿ ಮದ್ದು ಹೆಚ್ಚಾದೀತು, ಇನ್ನೊಂದರಲ್ಲಿ ಇಲ್ಲವೇ ಆದೀತು. ಅದಕ್ಕೇ ಖಲಬತ್ತಿನಲ್ಲಿ ಮೊದಲು ಮದ್ದಿನಷ್ಟೇ ಲ್ಯಾಕ್ಟೋಸ್ ಹಾಕಿ ಅರೆಯಬೇಕು. ಆಮೇಲೆ ಆ ಮಿಶ್ರಣದಷ್ಟೇ ಇನ್ನೊಮ್ಮೆ. ಹೀಗೆ ಪ್ರತಿ ಸಲವೂ ಇಮ್ಮಡಿ. ಅವಸರಕ್ಕೆ ಇಲ್ಲಿ ಜಾಗವೇ ಇಲ್ಲ. ಕಾರ್ಖಾನೆಯ ಮಾತ್ರೆಗಳೇ ತುಂಬಿರುವ ಈ ಕಾಲದಲ್ಲೂ ಈ ಕೈಕೆಲಸವನ್ನು ಕಲಿಯಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೀಗೆ ಅರೆದು ಕಲಿತವರಿಗೆ ಕೂಸಿನ ಸಿರಪ್‌ನಲ್ಲಿ ಒಂದು ಮಿಲಿಲೀಟರ್ ಹೆಚ್ಚಾದರೆ ಏನಾದೀತೆಂದು ಗೊತ್ತಿರುತ್ತದೆ.

ಜೊತೆಗೆ ಶರೀರಶಾಸ್ತ್ರ, ಮೂಲಿಕೆಗಳು, ಕಾನೂನು. ಔಷಧ ಕಾನೂನಿನ ಎಚ್-1 ಪಟ್ಟಿಯಲ್ಲಿರುವ ಔಷಧಿ ಕೊಟ್ಟಾಗ ರೋಗಿಯ, ವೈದ್ಯರ ಹೆಸರು, ಪ್ರಮಾಣ ಬರೆದ ದಫ್ತರವನ್ನು ಮೂರು ವರ್ಷ ಕಾಪಾಡಬೇಕು. ಕ್ಷಯರೋಗದ ಔಷಧಿಗಳೂ ಆ ಪಟ್ಟಿಯಲ್ಲಿವೆ.